ಎಸ್ಪೆರಾಂಟೊ ಕೂಟ: ನಾಲ್ವರಿಂದ ಆರಂಭಿಸಿ ನಡೆಸಿಕೊಂಡು ಹೋಗುವ ಬಗೆ

ಬೆಂಗಳೂರು: ಭಾಷೆಯೊಂದನ್ನು ಓದಿ ತಿಳಿಯಲು ಪುಸ್ತಕ ಸಾಕು. ಆಡಿ ತಿಳಿಯಬೇಕಾದರೆ ಎದುರಿಗೆ ಇನ್ನೊಬ್ಬರು ಕುಳಿತಿರಬೇಕು. ಎಸ್ಪೆರಾಂಟೊ ಎಂಬ ಅಂತರರಾಷ್ಟ್ರೀಯ ಭಾಷೆಯ ವಿಷಯದಲ್ಲಂತೂ ಈ ಮಾತು ಅಕ್ಷರಶಃ ನಿಜ. ಆ ಭಾಷೆಗೆ ತನ್ನದೆಂಬ ನಾಡಿಲ್ಲ, ಸರ್ಕಾರವಿಲ್ಲ, ಸಂತೆಬೀದಿಯಿಲ್ಲ. ಮನೆಯಲ್ಲೇ ಅದನ್ನಾಡುವ ಕೆಲವು ಕುಟುಂಬಗಳನ್ನು ಬಿಟ್ಟರೆ, ಅದು ಉಸಿರಾಡುವುದು ಊರೂರಿನ ಸಣ್ಣಪುಟ್ಟ ಕೂಟಗಳಲ್ಲಿ. ಕೂಟ ನಿಂತರೆ ಆ ಊರಿನ ಮಟ್ಟಿಗೆ ಭಾಷೆಯೂ ನಿಂತಂತೆಯೇ.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಮುಂತಾದ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ನಾಲ್ಕಾರು ಆಸಕ್ತರು ಸೇರಿ ಇಂತಹದೊಂದು ಕೂಟವನ್ನು ಆರಂಭಿಸಲು ಬಯಸಿದರೆ ಏನೇನು ಬೇಕು, ಯಾವ ತೊಡಕುಗಳು ಎದುರಾಗುತ್ತವೆ, ಕಾನೂನು ಏನು ಹೇಳುತ್ತದೆ ಎಂಬುದರ ವಿವರ ಇಲ್ಲಿದೆ. ಆರಂಭದಲ್ಲಿಯೇ ಒಂದು ಮಾತು: ಇಂತಹ ಕೂಟಗಳು ಮುಚ್ಚುವುದು ಸದಸ್ಯರು ಕಡಿಮೆ ಎಂಬ ಕಾರಣಕ್ಕಿಂತ ಹೆಚ್ಚಾಗಿ, ಎಲ್ಲ ಕೆಲಸವೂ ಒಬ್ಬರ ಹೆಗಲ ಮೇಲೆ ಬಿದ್ದಿತು ಎಂಬ ಕಾರಣಕ್ಕೆ.

ಏನಿದು ಎಸ್ಪೆರಾಂಟೊ?

ಲುಡ್ವಿಕ್ ಲಾಜರ್ ಜಾಮೆನ್‌ಹಾಫ್ ಎಂಬ ನೇತ್ರ ವೈದ್ಯ 1887ರ ಜುಲೈ 26ರಂದು ವಾರ್ಸಾದಲ್ಲಿ ರಷ್ಯನ್ ಭಾಷೆಯ ಪುಟ್ಟ ಪುಸ್ತಕವೊಂದನ್ನು ಪ್ರಕಟಿಸಿದರು. ಅದರ ಮೇಲೆ ತಮ್ಮ ಹೆಸರಿನ ಬದಲು ‘ಡಾಕ್ಟರ್ ಎಸ್ಪೆರಾಂಟೊ’ ಎಂದು ಬರೆದುಕೊಂಡಿದ್ದರು. ‘ಆಶಿಸುವವನು’ ಎಂಬುದು ಅದರ ಅರ್ಥ. ಕಾಲಕ್ರಮೇಣ ಆ ಅಂಕಿತವೇ ಭಾಷೆಯ ಹೆಸರಾಯಿತು. 16 ನಿಯಮಗಳ ವ್ಯಾಕರಣ, ಸುಮಾರು 900 ಧಾತುಗಳು, 28 ಅಕ್ಷರಗಳು: ಇಷ್ಟೇ ಅಂದಿನ ಬಂಡವಾಳ.

ಜಾಮೆನ್‌ಹಾಫ್ ಹುಟ್ಟಿದ್ದು 1859ರ ಡಿಸೆಂಬರ್ 15ರಂದು, ಇಂದಿನ ಪೋಲೆಂಡಿನಲ್ಲಿರುವ ಬ್ಯಾಲಿಸ್ಟಾಕ್ ಪಟ್ಟಣದಲ್ಲಿ. ಅಲ್ಲಿ ಯಹೂದಿಗಳು, ಪೋಲರು, ರಷ್ಯನ್ನರು, ಜರ್ಮನ್ನರು ಅಕ್ಕಪಕ್ಕದಲ್ಲಿಯೇ ವಾಸವಾಗಿದ್ದರೂ ಪರಸ್ಪರ ನಂಬುತ್ತಿರಲಿಲ್ಲ. ಯಾರಿಗೂ ಸೇರದ, ಆದ್ದರಿಂದಲೇ ಎಲ್ಲರಿಗೂ ಸೇರಬಹುದಾದ ಎರಡನೆಯ ಭಾಷೆಯೊಂದು ಇದ್ದಿದ್ದರೆ ಎಂಬ ಯೋಚನೆ ಬಾಲಕನಲ್ಲಿ ಮೂಡಿದ್ದು ಆ ಬೀದಿಗಳಲ್ಲಿ. ಒಂದೇ ಅಡ್ಡರಸ್ತೆಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಕಿವಿಗೆ ಬೀಳುವ ಬೆಂಗಳೂರಿನವರಿಗೆ ಈ ಸನ್ನಿವೇಶ ತೀರಾ ಅಪರಿಚಿತವೇನಲ್ಲ.

1905ರಲ್ಲಿ ಫ್ರಾನ್ಸಿನ ಬುಲೋನ್-ಸುರ್-ಮೇರ್‌ನಲ್ಲಿ ನಡೆದ ಮೊದಲ ವಿಶ್ವ ಸಮ್ಮೇಳನದಲ್ಲಿ 688 ಮಂದಿ ಪಾಲ್ಗೊಂಡು, ದುಭಾಷಿಗಳ ನೆರವಿಲ್ಲದೆ ಮಾತನಾಡಿಕೊಂಡರು. 1908ರಲ್ಲಿ ವಿಶ್ವ ಎಸ್ಪೆರಾಂಟೊ ಸಂಸ್ಥೆ ಸ್ಥಾಪನೆಗೊಂಡಿತು. 1954ರಲ್ಲಿ ಮಾಂಟೆವಿಡಿಯೊದಲ್ಲಿ ಸೇರಿದ ಯುನೆಸ್ಕೊ ಮಹಾಧಿವೇಶನ ಈ ಭಾಷೆಯ ಸಾಧನೆಯನ್ನು ಗುರುತಿಸಿ ನಿರ್ಣಯ ಅಂಗೀಕರಿಸಿತು. ನಡುವೆ ಕರಾಳ ದಿನಗಳೂ ಬಂದುಹೋದವು. ಜಾಮೆನ್‌ಹಾಫ್ ಅವರ ಮೂವರು ಮಕ್ಕಳೂ ನಾಜಿಗಳ ಕೈಯಲ್ಲಿ ಹತರಾದರು. ಸ್ಟಾಲಿನ್ ಕಾಲದ ಸೋವಿಯತ್ ಒಕ್ಕೂಟದಲ್ಲಿ 1937-38ರ ಸುಮಾರಿಗೆ ಎಸ್ಪೆರಾಂಟೊ ಆಡುವವರನ್ನು ಬೇಹುಗಾರರೆಂದು ಶಂಕಿಸಿ ಬಂಧಿಸಲಾಯಿತು. ಕೆಲವೇ ಜನ ಕುಳಿತು ಹೊರಗಿನವರಿಗೆ ತಿಳಿಯದ ಮಾತನಾಡುವುದನ್ನು ಸರ್ವಾಧಿಕಾರಿಗಳು ಎಂದೂ ಸಹಿಸಿದವರಲ್ಲ.

ಇಂದು ಈ ಭಾಷೆ ಬಲ್ಲವರ ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. ಕೆಲವು ಹತ್ತು ಸಾವಿರಗಳಿಂದ ಹಿಡಿದು 20 ಲಕ್ಷದವರೆಗೆ ಅಂದಾಜುಗಳಿವೆ. ಕೂಟ ಕಟ್ಟುವವರು ಪ್ರಚಾರದ ಹುಮ್ಮಸ್ಸಿನಲ್ಲಿ ದೊಡ್ಡ ಸಂಖ್ಯೆಯನ್ನೇ ಹೇಳುವುದುಂಟು. ಹೊಸದಾಗಿ ಬಂದವರು ಅದನ್ನು ನಂಬಿ, ಬಳಿಕ ನಿರಾಶರಾಗಿ ಹಿಂದಿರುಗುವುದೂ ಉಂಟು. ಆದ್ದರಿಂದ ಎರಡೂ ಅಂದಾಜುಗಳನ್ನು ಹೇಳುವುದೇ ಲೇಸು.

ಬೆಂಗಳೂರಿನ ನಂಟು

ಭಾರತದಲ್ಲಿ ಎಸ್ಪೆರಾಂಟೊ ಚಟುವಟಿಕೆಗೆ ಹಳೆಯ ಹೆಸರು ಶಾಂತಿನಿಕೇತನದ ಶಿಕ್ಷಕ ಲಕ್ಷ್ಮೀಶ್ವರ ಸಿನ್ಹಾ ಅವರದು. ಸ್ವೀಡನ್ನಿಗೆ ತೆರಳಿದ್ದ ಅವರು ಅಲ್ಲಿ ಈ ಭಾಷೆಯಲ್ಲಿಯೇ ಭಾರತದ ಕುರಿತು ಉಪನ್ಯಾಸಗಳನ್ನು ನೀಡಿದರು. ಬಂಗಾಳದ ಭಾಷಾವಿಜ್ಞಾನಿ ಪ್ರಬಾಲ್ ದಾಸ್‌ಗುಪ್ತ 2007ರಿಂದ 2013ರವರೆಗೆ ವಿಶ್ವ ಎಸ್ಪೆರಾಂಟೊ ಸಂಸ್ಥೆಯ ಅಧ್ಯಕ್ಷರಾಗಿದ್ದರು.

ಅವರ ಅಧಿಕಾರಾವಧಿಯಲ್ಲಿಯೇ, 2008ರಲ್ಲಿ, ಐದನೆಯ ಏಷ್ಯಾ ಎಸ್ಪೆರಾಂಟೊ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು. ಅದಕ್ಕೂ ಮುನ್ನ 2005ರಲ್ಲಿ ಕಠ್ಮಂಡು, ನಂತರ 2010ರಲ್ಲಿ ಉಲಾನ್‌ಬಾತರ್ ಆತಿಥ್ಯ ವಹಿಸಿದ್ದವು. ಈ ಸಾಲಿನಲ್ಲಿ ನಮ್ಮ ನಗರದ ಹೆಸರಿರುವುದು ಅನೇಕ ಬೆಂಗಳೂರಿಗರಿಗೇ ತಿಳಿಯದು. ಆದರೆ ಸಮ್ಮೇಳನಕ್ಕೂ ಕೂಟಕ್ಕೂ ವ್ಯತ್ಯಾಸವಿದೆ. ಸಮ್ಮೇಳನ ಕೆಲವು ದಿನಗಳ ಜಾತ್ರೆ. ವಾರವಾರವೂ ದೀಪ ಹಚ್ಚುವ ಕೆಲಸ ಕೂಟದ್ದು.

ದೇಶದ ಮಟ್ಟದಲ್ಲಿ ಭಾರತದ ಎಸ್ಪೆರಾಂಟೊ ಒಕ್ಕೂಟವಿದೆ. ಅದರ ಹೆಸರಿನಲ್ಲಿ ನಮ್ಮ ದೇಶಕ್ಕೆ ‘ಬಾರತೊ’ ಎಂಬ ಪದ ಬಳಕೆಯಾಗಿರುವುದು ಗಮನಾರ್ಹ. ಯುರೋಪಿಯನ್ನರು ರೂಢಿಸಿದ ಹಳೆಯ ಪದಗಳ ಜೊತೆಗೆ, ‘ಭಾರತ’ದಿಂದ ಬಂದ ಈ ರೂಪವೂ ನೆಲೆಯೂರಿದೆ.

ಮೊದಲ ಕೂಟದ ಪಾಠ

ಜಗತ್ತಿನ ಮೊತ್ತಮೊದಲ ಎಸ್ಪೆರಾಂಟೊ ಕೂಟ ಜರ್ಮನಿಯ ನ್ಯೂರೆಂಬರ್ಗ್ ನಗರದ್ದು. ಸ್ವಾರಸ್ಯವೆಂದರೆ, ಅದು ಹುಟ್ಟಿದ್ದು ವೊಲಾಪ್ಯೂಕ್ ಎಂಬ ಬೇರೊಂದು ಕೃತಕ ಭಾಷೆಗಾಗಿ. 1888ರ ಡಿಸೆಂಬರಿನಲ್ಲಿ ಸದಸ್ಯರು ಚರ್ಚಿಸಿ ಎಸ್ಪೆರಾಂಟೊ ಕಡೆಗೆ ಹೊರಳಿದರು. ಮರುವರ್ಷ ಆ ಭಾಷೆಯ ಮೊದಲ ಪತ್ರಿಕೆಯೂ ಅದೇ ನಗರದಿಂದ ಹೊರಬಂತು. ವೊಲಾಪ್ಯೂಕ್ ಕುಸಿಯಲು ಮುಖ್ಯ ಕಾರಣ ಅದರ ಕರ್ತೃ ಶ್ಲೇಯರ್. ತಿದ್ದುಪಡಿಗಳ ವಿಷಯದಲ್ಲಿ ಕೊನೆಯ ಮಾತು ತನ್ನದೇ ಆಗಿರಬೇಕೆಂದು ಅವರು ಪಟ್ಟು ಹಿಡಿದಿದ್ದರು. ಜಾಮೆನ್‌ಹಾಫ್ ಇದಕ್ಕೆ ತದ್ವಿರುದ್ಧವಾಗಿ ತಮ್ಮ ಹಕ್ಕುಗಳನ್ನು ಬಿಟ್ಟುಕೊಟ್ಟು, ಭಾಷೆಯನ್ನು ಅದನ್ನು ಆಡುವವರ ಕೈಗೊಪ್ಪಿಸಿದರು.

1907ರಲ್ಲಿ ‘ಇಡೊ’ ಎಂಬ ತಿದ್ದಿದ ರೂಪ ತಲೆಯೆತ್ತಿದಾಗ ಮುಂದಾಳುಗಳಲ್ಲಿ ಅನೇಕರು ಅತ್ತ ಹೋದರು. ಕೂಟಗಳಲ್ಲಿ ಕುಳಿತು ಮಾತನಾಡುತ್ತಿದ್ದ ಸಾಮಾನ್ಯ ಸದಸ್ಯರಲ್ಲಿ ಹೆಚ್ಚಿನವರು ಕದಲಲಿಲ್ಲ. ಭಾಷೆ ಉಳಿದದ್ದು ಅವರಿಂದ. ಸಣ್ಣ ಕೂಟಕ್ಕೆ ಈ ಇತಿಹಾಸದಿಂದ ದೊರೆಯುವ ಪಾಠ ಎರಡು. ಒಂದು, ಸ್ಥಾಪಕರು ಒಡೆಯರಾಗಬಾರದು. ಎರಡು, ‘ಈ ನಿಯಮ ಹೀಗಿದ್ದಿದ್ದರೆ ಚೆನ್ನಾಗಿತ್ತು’ ಎಂಬ ಚರ್ಚೆಗೆ ಸಭೆಯ ಸಮಯ ಕೊಡಬಾರದು.

ಕನ್ನಡಿಗರಿಗೆ ಸುಲಭವೇ?

ಬರೆದಂತೆ ಓದುವ ಭಾಷೆಯಾದ್ದರಿಂದ ಕನ್ನಡಿಗರಿಗೆ ಉಚ್ಚಾರಣೆ ಕಷ್ಟವೆನಿಸದು. ಸ್ವರಗಳು ಐದೇ. ಮಹಾಪ್ರಾಣವಿಲ್ಲ. ಪದದ ಕೊನೆಯಿಂದ ಎರಡನೆಯ ಸ್ವರಕ್ಕೆ ಒತ್ತು ಬೀಳುತ್ತದೆ. ಆದರೆ ಇಂಗ್ಲಿಷ್ ಅಕ್ಷರಗಳ ಅಭ್ಯಾಸ ತೊಡಕು ತರುತ್ತದೆ. ‘ಜೆ’ ಅಕ್ಷರವನ್ನು ‘ಯ್’ ಎಂದೂ, ‘ಸಿ’ ಅಕ್ಷರವನ್ನು ‘ತ್ಸ್’ ಎಂದೂ ಓದಬೇಕು. ‘ಚ’, ‘ಜ’, ‘ಶ’ ಧ್ವನಿಗಳಿಗೆ ಟೋಪಿಯಿಟ್ಟ ಅಕ್ಷರಗಳಿವೆ. ಮೊದಲ ಎರಡು ವಾರ ಪಾಠವನ್ನು ಕನ್ನಡ ಲಿಪಿಯಲ್ಲಿಯೂ ಬರೆದುಕೊಂಡರೆ ಈ ಗೊಂದಲ ತಪ್ಪುತ್ತದೆ.

ಕನ್ನಡ ಬಲ್ಲವರಿಗೆ ನಿಜವಾದ ಅನುಕೂಲ ವ್ಯಾಕರಣದಲ್ಲಿದೆ. ಕನ್ನಡದ ‘ಎಲ್ಲಿ-ಅಲ್ಲಿ’, ‘ಎಷ್ಟು-ಅಷ್ಟು’, ‘ಹೇಗೆ-ಹಾಗೆ’, ‘ಎಂಥ-ಅಂಥ’ ಜೋಡಿಗಳನ್ನು ನೆನಪಿಗೆ ತಂದುಕೊಳ್ಳಿ. ಎಸ್ಪೆರಾಂಟೊದಲ್ಲಿ ಇವು ಕ್ರಮವಾಗಿ ‘ಕಿಯೆ-ತಿಯೆ’, ‘ಕಿಯೊಮ್-ತಿಯೊಮ್’, ‘ಕಿಯೆಲ್-ತಿಯೆಲ್’, ‘ಕಿಯಾ-ತಿಯಾ’. ಇಂತಹ 45 ಪದಗಳ ಕೋಷ್ಟಕವೇ ಇದೆ. ಇಂಗ್ಲಿಷ್ ಮೂಲಕ ಕಲಿಯುವವರು ಇದನ್ನು ಬಾಯಿಪಾಠ ಮಾಡಿ ದಣಿಯುತ್ತಾರೆ. ಕನ್ನಡದ ಜೋಡಿಗಳ ಮೂಲಕ ತೋರಿಸಿದರೆ ಅದರ ಒಳಗಿನ ಕ್ರಮ ಕಣ್ಣಿಗೆ ಕಟ್ಟುತ್ತದೆ.

‘ಕಾಫಿಯನ್ನು’ ಎಂಬಲ್ಲಿ ‘ಅನ್ನು’ ಬರುವಂತೆ ಅಲ್ಲಿಯೂ ದ್ವಿತೀಯಾ ವಿಭಕ್ತಿಗೆ ‘ನ್’ ಸೇರುತ್ತದೆ. ‘ಮಿ ತ್ರಿಂಕಾಸ್ ಕಾಫೊನ್’ ಎಂದರೆ ‘ನಾನು ಕಾಫಿಯನ್ನು ಕುಡಿಯುತ್ತೇನೆ’. ಪ್ರತ್ಯಯಗಳನ್ನು ಪೋಣಿಸುತ್ತ ಪದ ಕಟ್ಟುವ ರೀತಿಯೂ ನಮಗೆ ಹೊಸದಲ್ಲ. ‘ಲೆರ್ನಿ’ ಎಂದರೆ ಕಲಿ, ‘ಲೆರ್ನೆಯೊ’ ಎಂದರೆ ಕಲಿಯುವ ಜಾಗ, ಅರ್ಥಾತ್ ಶಾಲೆ. ‘ಬೊನಾ’ ಎಂದರೆ ಒಳ್ಳೆಯ, ‘ಮಾಲ್‌ಬೊನಾ’ ಎಂದರೆ ಕೆಟ್ಟ.

ಎಡವುವ ಜಾಗಗಳೂ ಇವೆ. ಕನ್ನಡದಲ್ಲಿ ‘ಮನೆಯಲ್ಲಿ’ ಎಂದು ಪದದ ಹಿಂದೆ ಬರುವುದು ಅಲ್ಲಿ ಪದದ ಮುಂದೆ ಬರುತ್ತದೆ. ನಾಮಪದ ಬಹುವಚನವಾದರೆ ಗುಣವಾಚಕವೂ ಬಹುವಚನವಾಗಬೇಕು. ಇನ್ನೊಂದು ಸಂಕೋಚ ಸಾಮಾಜಿಕವಾದದ್ದು: ‘ನೀನು’, ‘ನೀವು’ ಎಂಬ ಭೇದವಿಲ್ಲದೆ ಎಲ್ಲರಿಗೂ ‘ವಿ’ ಎಂಬ ಒಂದೇ ಸರ್ವನಾಮ. ನಿವೃತ್ತ ಮೇಷ್ಟ್ರನ್ನೂ ಕಾಲೇಜು ಹುಡುಗನನ್ನೂ ಒಂದೇ ಪದದಿಂದ ಕರೆಯಲು ನಮ್ಮ ನಾಲಿಗೆ ಮೊದಮೊದಲು ಹಿಂಜರಿಯುತ್ತದೆ. ಕೂಟದಲ್ಲಿ ಆ ಹಿಂಜರಿಕೆ ಕರಗಿದ ದಿನ ಮಾತು ಹರಿಯತೊಡಗುತ್ತದೆ.

ಸ್ಥಳ ಮತ್ತು ಸಮಯ

ಕೂಟದ ಮೊದಲ ತೀರ್ಮಾನ ಸ್ಥಳದ್ದು. ಒಮ್ಮೆ ನಿಗದಿಯಾದ ಸ್ಥಳ ಹಾಗೂ ವೇಳೆಯನ್ನು ಕನಿಷ್ಠ ಆರು ತಿಂಗಳು ಬದಲಿಸಬಾರದು. ಎರಡು ವಾರ ತಪ್ಪಿಸಿಕೊಂಡವರು ಮೂರನೆಯ ವಾರ ಯಾರನ್ನೂ ಕೇಳದೆ ನೇರವಾಗಿ ಬಂದು ಕುಳಿತುಕೊಳ್ಳುವಂತಿರಬೇಕು.

ಪಶ್ಚಿಮ ಭಾಗದ ಮಟ್ಟಿಗೆ ವಿಜಯನಗರ ಅನುಕೂಲಕರ ನಡುದಾಣ. ನಮ್ಮ ಮೆಟ್ರೊದ ನೇರಳೆ ಮಾರ್ಗ 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ವಿಸ್ತರಣೆಯಾದ ಬಳಿಕ ಆ ಭಾಗದವರು ನೇರವಾಗಿ ವಿಜಯನಗರದಲ್ಲಿ ಇಳಿಯಬಹುದು. ಹಸಿರು ಮಾರ್ಗದಲ್ಲಿರುವ ರಾಜಾಜಿನಗರದವರು ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಬೇಕು. ಬಸವೇಶ್ವರನಗರದೊಳಗೆ ಮೆಟ್ರೊ ನಿಲ್ದಾಣವಿಲ್ಲದ ಕಾರಣ ಬಸ್ಸು ಅಥವಾ ಆಟೊ ಗತಿ. ಎಲ್ಲರೂ ಒಂದೇ ಬಡಾವಣೆಯವರಾದರೆ ಈ ಲೆಕ್ಕಾಚಾರವೇ ಬೇಕಿಲ್ಲ. ನಡೆದು ಬರುವ ದೂರದ ಕೂಟವೇ ಬಹುಕಾಲ ಬಾಳುವ ಕೂಟ.

ಯಾವ ಜಾಗ ಸೂಕ್ತ? ದರ್ಶಿನಿ ಹೋಟೆಲುಗಳಲ್ಲಿ ನಿಂತು ತಿನ್ನುವ ವ್ಯವಸ್ಥೆಯಿರುವುದರಿಂದ ಪಾಠ ಅಸಾಧ್ಯ. ಸಾರ್ವಜನಿಕ ಗ್ರಂಥಾಲಯದ ವಾಚನಾಲಯದಲ್ಲಿ ಮೌನ ಕಡ್ಡಾಯ. ಮಾತಿನ ಕೂಟಕ್ಕೆ ಅದು ಒಗ್ಗದು. ಉದ್ಯಾನದ ಕಲ್ಲುಬೆಂಚು ಬೆಳಗಿನ ಹೊತ್ತು ಚೆನ್ನ, ಮಳೆಗಾಲದಲ್ಲಿ ಕಷ್ಟ. ಮುಚ್ಚುವ ವೇಳೆಯನ್ನೂ ಮೊದಲೇ ವಿಚಾರಿಸಿಕೊಂಡಿರಬೇಕು. ಬಡಾವಣೆಯ ನಿವಾಸಿಗಳ ಸಂಘದ ಕೊಠಡಿ, ಭಾನುವಾರ ಖಾಲಿ ಇರುವ ಟ್ಯೂಷನ್ ಕೇಂದ್ರ ಅಥವಾ ಸದಸ್ಯರೊಬ್ಬರ ಮನೆಯ ಮಹಡಿ ಹೆಚ್ಚು ಸೂಕ್ತ. ಮನೆಯಾದರೆ ಮನೆಯವರೆಲ್ಲರ ಒಪ್ಪಿಗೆ ಅಗತ್ಯ. ಪ್ರತಿ ವಾರ ಕಾಫಿ ಮಾಡುವ ಹೊಣೆ ಮನೆಯೊಡತಿಯ ಮೇಲೆ ಬಿದ್ದರೆ ಮೂರನೆಯ ತಿಂಗಳಿಗೆ ಕೂಟಕ್ಕೆ ಬಾಗಿಲು ಮುಚ್ಚಿತೆಂದೇ ತಿಳಿಯಬೇಕು. ಫ್ಲಾಸ್ಕಿನಲ್ಲಿ ಕಾಫಿ ತರುವ ಸರದಿಯನ್ನು ಸದಸ್ಯರು ಹಂಚಿಕೊಳ್ಳುವುದೇ ಮರ್ಯಾದೆ.

ಎರಡು ಗಂಟೆಯ ಸಭೆ

ನಾಲ್ಕರಿಂದ ಹತ್ತು ಜನರ ಕೂಟಕ್ಕೆ ವಾರಕ್ಕೊಮ್ಮೆ ಎರಡು ಗಂಟೆ ಸಾಕು. ಅದನ್ನು ಹೀಗೆ ಹಂಚಿಕೊಳ್ಳಬಹುದು:

* ಮೊದಲ 15 ನಿಮಿಷ: ಕುಶಲ ಸಂಭಾಷಣೆ. ಪ್ರತಿಯೊಬ್ಬರೂ ಆ ವಾರ ನಡೆದ ಒಂದು ಸಂಗತಿಯನ್ನು ಎಸ್ಪೆರಾಂಟೊದಲ್ಲಿ ಹೇಳುವುದು.
* ಮುಂದಿನ 40 ನಿಮಿಷ: ಹೊಸ ಪಾಠ. ವಿವರಣೆ ಕನ್ನಡದಲ್ಲಿ, ಅಭ್ಯಾಸ ಎಸ್ಪೆರಾಂಟೊದಲ್ಲಿ.
* 10 ನಿಮಿಷ: ಕಾಫಿ ವಿರಾಮ.
* 25 ನಿಮಿಷ: ಸುಲಭವಾದ ಗದ್ಯದ ಗಟ್ಟಿ ಓದು.
* 20 ನಿಮಿಷ: ಬೇರೆ ಯಾವ ಭಾಷೆಯನ್ನೂ ಬಳಸದೆ ಮಾತು.
* ಕೊನೆಯ 10 ನಿಮಿಷ: ಹಣ, ಮುಂದಿನ ವಾರದ ಹೊಣೆ ಇತ್ಯಾದಿ ವ್ಯವಹಾರ.

ವ್ಯವಹಾರವನ್ನು ಕೊನೆಗಿಡುವುದಕ್ಕೆ ಕಾರಣವಿದೆ. ಆರಂಭದಲ್ಲಿಯೇ ಅದನ್ನು ಎತ್ತಿಕೊಂಡರೆ ಬಾಡಿಗೆ, ಬ್ಯಾನರು, ಲಾಂಛನಗಳ ಚರ್ಚೆಯಲ್ಲಿ ಸಂಜೆ ಕಳೆದು, ಭಾಷೆ ಕಲಿಯಲು ಬಂದವರು ಸಂಘದ ರಾಜಕೀಯ ಕಲಿತು ಹೋಗುತ್ತಾರೆ.

ಎಸ್ಪೆರಾಂಟೊ ಬಳಗದಲ್ಲಿ ‘ಕ್ರೊಕೊದಿಲಿ’ ಎಂಬ ತಮಾಷೆಯ ಕ್ರಿಯಾಪದವಿದೆ. ಅಕ್ಷರಶಃ ‘ಮೊಸಳೆಯಂತೆ ಮಾಡು’ ಎಂದರ್ಥ. ಎಲ್ಲರೂ ಎಸ್ಪೆರಾಂಟೊ ಆಡಬೇಕಾದ ಹೊತ್ತಿನಲ್ಲಿ ತಮ್ಮ ತಮ್ಮ ತಾಯ್ನುಡಿಗೆ ಜಾರುವವರನ್ನು ಹೀಗೆ ಕೆಣಕುತ್ತಾರೆ. ಬೆಂಗಳೂರಿನಲ್ಲಿ ಈ ಮೊಸಳೆ ಹೆಚ್ಚಾಗಿ ಇಂಗ್ಲಿಷ್ ರೂಪದಲ್ಲಿ ಬರುತ್ತದೆ. ಗದರಿಸುವುದಕ್ಕಿಂತ, ಆ 20 ನಿಮಿಷ ಮೇಜಿನ ಮೇಲೆ ಪುಟ್ಟ ಹಸಿರು ಬಾವುಟವಿಟ್ಟು ನೆನಪಿಸುವುದು ಒಳ್ಳೆಯದು. ಹಸಿರು ನಕ್ಷತ್ರ ಈ ಭಾಷೆಯ ಲಾಂಛನ.

ಕಲಿಸುವ ಕ್ರಮ

ಕಲಿಸುವ ವಿಧಾನದಲ್ಲಿ ಹೆಸರಾದದ್ದು ಚೆಹ್ ಪದ್ಧತಿ. ಟ್ರಾನ್ಸಿಲ್ವೇನಿಯಾದ ಪಾದ್ರಿ ಆಂದ್ರೆಯೊ ಚೆಹ್ 1920ರ ಸುಮಾರಿಗೆ ಬೇರೆ ಬೇರೆ ಮಾತೃಭಾಷೆಯ ಕೆಲಸಗಾರರಿಗೆ ಪಠ್ಯಪುಸ್ತಕವಿಲ್ಲದೆ ಕಲಿಸಬೇಕಾಗಿ ಬಂದಾಗ ರೂಪಿಸಿದ ಕ್ರಮವಿದು. ವಸ್ತುವನ್ನು ತೋರಿಸಿ ಪ್ರಶ್ನಿಸುವುದು, ಎಲ್ಲರೂ ಒಟ್ಟಾಗಿ ಉತ್ತರಿಸುವುದು, ನಡುನಡುವೆ ನಗಿಸುವುದು ಅದರ ಜೀವಾಳ.

ಇದಕ್ಕೆ ಹತ್ತಿರದ ಅನುಭವ ಬೆಂಗಳೂರಿನಲ್ಲಿಯೇ ಇದೆ. 1981ರಲ್ಲಿ ಈ ನಗರದಲ್ಲಿ ಆರಂಭವಾದ ಸಂಸ್ಕೃತ ಸಂಭಾಷಣ ಆಂದೋಲನ ಮುಂದೆ ಸಂಸ್ಕೃತ ಭಾರತಿಯಾಗಿ ಬೆಳೆಯಿತು. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನಗಳ ಶಿಬಿರಗಳಲ್ಲಿ ವ್ಯಾಕರಣದ ಭಾರವಿಲ್ಲದೆ ಸಂಭಾಷಣೆಯಿಂದಲೇ ಪಾಠ ಆರಂಭಿಸುವುದು ಅದರ ಕ್ರಮ. ಶಿಬಿರದಲ್ಲಿ ಕಲಿತವರು ಮುಂದೆ ಶಿಬಿರ ನಡೆಸುವವರಾಗುತ್ತಾರೆ ಎಂಬುದು ಅದರ ಹರಹಿಗೆ ಒಂದು ಕಾರಣ. ಎರಡು ಭಾಷೆಗಳ ಹಿನ್ನೆಲೆ ಬೇರೆಬೇರೆಯಾದರೂ ಈ ಅಂಶವನ್ನು ಎಸ್ಪೆರಾಂಟೊ ಕೂಟ ಧಾರಾಳವಾಗಿ ಅನುಸರಿಸಬಹುದು.

ಮೊದಲ ಎಂಟು ವಾರಗಳ ಪಾಠಕ್ರಮ ಹೀಗಿರಬಹುದು:

1. ಅಕ್ಷರ, ಉಚ್ಚಾರಣೆ, ನಮಸ್ಕಾರ, ಹೆಸರು ಹೇಳುವುದು.
2. ‘ಒ’ಕಾರದಿಂದ ಮುಗಿಯುವ ನಾಮಪದ, ‘ಆ’ಕಾರದಿಂದ ಮುಗಿಯುವ ಗುಣವಾಚಕ, ಬಹುವಚನ.
3. ವರ್ತಮಾನಕ್ಕೆ ‘ಆಸ್’, ಭೂತಕ್ಕೆ ‘ಇಸ್’, ಭವಿಷ್ಯತ್ತಿಗೆ ‘ಓಸ್’.
4. ದ್ವಿತೀಯಾ ವಿಭಕ್ತಿಯ ‘ನ್’. ತಿಂಡಿ, ಊಟದ ಮಾತು.
5. ‘ಕಿಯೆ-ತಿಯೆ’ ಕೋಷ್ಟಕ. ದಾರಿ ಕೇಳುವುದು, ಹೇಳುವುದು.
6. ಪದ ಕಟ್ಟುವ ಪ್ರತ್ಯಯಗಳು.
7. ಸಂಖ್ಯೆ, ಗಡಿಯಾರ, ಮಾರುಕಟ್ಟೆಯ ವ್ಯವಹಾರ.
8. ತಮ್ಮ ಬಡಾವಣೆಯ ಬಗ್ಗೆ ಪ್ರತಿಯೊಬ್ಬರೂ ಮೂರು ನಿಮಿಷ ಮಾತನಾಡುವುದು.

ಸುಮಾರು 500 ಪದಗಳು ಕೈವಶವಾದರೆ ಸರಳ ಸಂಭಾಷಣೆಗೆ ಅಡ್ಡಿಯಿಲ್ಲ. ಮನೆಯಲ್ಲಿ ಅಭ್ಯಾಸಕ್ಕೆ 2002ರಲ್ಲಿ ಆರಂಭವಾದ ‘ಲೆರ್ನು’ ತಾಣವಿದೆ. 2015ರಲ್ಲಿ ಡ್ಯುಯೊಲಿಂಗೊ ಇಂಗ್ಲಿಷ್ ಬಲ್ಲವರಿಗಾಗಿ ಎಸ್ಪೆರಾಂಟೊ ಪಾಠ ಆರಂಭಿಸಿತು. ಮೊಬೈಲಿನಲ್ಲಿಯೇ ಎಲ್ಲವೂ ಸಿಗುವಾಗ ಕೂಟವೇಕೆ ಎಂದು ಕೇಳುವವರಿಗೆ ಉತ್ತರ ಸರಳ: ತಪ್ಪು ಮಾತನಾಡಿ, ನಕ್ಕು, ತಿದ್ದಿಕೊಂಡು ಮತ್ತೆ ಮಾತನಾಡಲು ಎದುರಿಗೊಂದು ಮುಖ ಬೇಕು.

ಕುಸಿಯುವುದು ಎಲ್ಲಿ?

ಎಸ್ಪೆರಾಂಟೊ ಬಲ್ಲವರು ತಮ್ಮನ್ನೇ ಹಾಸ್ಯ ಮಾಡಿಕೊಳ್ಳಲು ಬಳಸುವ ಇನ್ನೊಂದು ನುಡಿಗಟ್ಟು ‘ನಿತ್ಯ ಆರಂಭಿಕ’. ಹತ್ತು ವರ್ಷ ಕೂಟಕ್ಕೆ ಬಂದರೂ ಮೊದಲ ಪಾಠದಲ್ಲಿಯೇ ಉಳಿದವರು ಇವರು. ಇದಕ್ಕೆ ಅವರನ್ನು ದೂರುವುದಕ್ಕಿಂತ ಕೂಟದ ರೀತಿಯನ್ನು ನೋಡಬೇಕು. ಪ್ರತಿ ಬಾರಿ ಹೊಸಬರೊಬ್ಬರು ಬಂದಾಗಲೂ ಎಲ್ಲರಿಗೂ ಮೊದಲ ಪಾಠವನ್ನೇ ಪುನಃ ಹೇಳಿದರೆ ಹಳಬರು ಮುಂದೆ ಹೋಗುವುದಾದರೂ ಹೇಗೆ? ಹೊಸಬರಿಗೆ ಅರ್ಧ ಗಂಟೆ ಮೊದಲು ಬರಲು ತಿಳಿಸಿ, ಹಳೆಯ ಸದಸ್ಯರೊಬ್ಬರು ಪ್ರತ್ಯೇಕವಾಗಿ ಪಾಠ ಹೇಳಬೇಕು. ಇದರಿಂದ ಹೇಳಿಕೊಡುವವರ ಕಲಿಕೆಯೂ ಗಟ್ಟಿಯಾಗುತ್ತದೆ.

ಎರಡನೆಯದು, ಹಾಗೂ ಅತಿ ಮುಖ್ಯವಾದದ್ದು, ಏಕವ್ಯಕ್ತಿ ಅವಲಂಬನೆ. ಬೆಂಗಳೂರಿನಲ್ಲಿ ಜನರಿಗೆ ವರ್ಗಾವಣೆಯಾಗುತ್ತದೆ, ಬಾಡಿಗೆ ಮನೆ ಬದಲಾಗುತ್ತದೆ, ವೃದ್ಧ ತಂದೆತಾಯಿಯರನ್ನು ನೋಡಿಕೊಳ್ಳಲು ಊರಿಗೆ ಮರಳಬೇಕಾಗುತ್ತದೆ. ಪಾಠ ಹೇಳುವವರು, ಬೀಗದ ಕೈ ಇಟ್ಟುಕೊಳ್ಳುವವರು, ಹಣದ ಲೆಕ್ಕ ಬರೆಯುವವರು, ವಾಟ್ಸ್‌ಆ್ಯಪ್ ಗುಂಪು ನೋಡಿಕೊಳ್ಳುವವರು ಎಲ್ಲರೂ ಒಬ್ಬರೇ ಆಗಿದ್ದರೆ ಅವರು ಹೊರಟ ದಿನವೇ ಕೂಟಕ್ಕೆ ಮಂಗಳ.

ಪರಿಹಾರವನ್ನು ಮೂರನೆಯ ವಾರದಿಂದಲೇ ಆರಂಭಿಸಬೇಕು. ಪ್ರತಿ ಸಭೆಯಲ್ಲಿ ಬೇರೆ ಬೇರೆ ಸದಸ್ಯರು ಹತ್ತು ನಿಮಿಷ ಪಾಠ ಹೇಳಲಿ. ತಪ್ಪಾದರೂ ಚಿಂತೆಯಿಲ್ಲ. ಒಂದು ನೋಟ್ ಪುಸ್ತಕದಲ್ಲಿ ಆ ದಿನ ಎಷ್ಟು ಜನ ಬಂದರು, ಏನು ಓದಲಾಯಿತು, ಮುಂದಿನ ವಾರ ಯಾರ ಹೊಣೆ ಎಂದು ಬರೆದಿಡಬೇಕು. ಸಂಚಾಲಕರು ಒಂದು ತಿಂಗಳು ಉದ್ದೇಶಪೂರ್ವಕವಾಗಿ ಬಾರದೆ ನೋಡುವುದು ಕೂಟದ ನಿಜವಾದ ಪರೀಕ್ಷೆ. ಅವರಿಲ್ಲದೆಯೂ ಸಭೆ ನಡೆದರೆ, ಮೂರೇ ಜನ ಇದ್ದರೂ ಕೂಟಕ್ಕೆ ಆಯುಸ್ಸಿದೆ.

ಹಣ, ನೋಂದಣಿ, ಅತಿಥಿಗಳು

ಆರಂಭದಲ್ಲಿ ನೋಂದಣಿಯ ಅವಶ್ಯಕತೆಯಿಲ್ಲ. ಜೆರಾಕ್ಸ್, ಕಾಫಿ, ಕೊಠಡಿಯ ಬಾಡಿಗೆ ಬಿಟ್ಟರೆ ಖರ್ಚಿಲ್ಲ. ತಿಂಗಳ ವಂತಿಗೆಯನ್ನು ಪುಸ್ತಕದಲ್ಲಿ ಬರೆದು ಎಲ್ಲರೆದುರು ಓದಿದರೆ ಸಾಕು. ಕೂಟದ ಹೆಸರಿನಲ್ಲಿ ಬ್ಯಾಂಕ್ ಖಾತೆ, ಸಭಾಂಗಣದ ಕರಾರು ಮೊದಲಾದವು ಬೇಕೆನಿಸಿದಾಗ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಇದಕ್ಕೆ ಕನಿಷ್ಠ ಏಳು ಮಂದಿ, ಸಂಘದ ಉದ್ದೇಶಗಳನ್ನು ತಿಳಿಸುವ ಜ್ಞಾಪನಾ ಪತ್ರ ಹಾಗೂ ನಿಯಮಾವಳಿ ಅವಶ್ಯ. ನೋಂದಣಿಯ ಕೆಲಸ ಸಹಕಾರ ಇಲಾಖೆಯ ಅಧಿಕಾರಿಗಳದ್ದು. ನೋಂದಣಿಯಾದ ಮೇಲೆ ಪ್ರತಿ ವರ್ಷ ಸರ್ವ ಸದಸ್ಯರ ಸಭೆ ನಡೆಸಿ, 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿ ಇತ್ಯಾದಿ ದಾಖಲೆಗಳನ್ನು ಸಲ್ಲಿಸಬೇಕು. ಈ ಕೆಲಸಕ್ಕೆ ಜನರಿಲ್ಲದಿದ್ದರೆ ನೋಂದಣಿ ಹೊರೆಯೇ ಸರಿ.

ಹೊರದೇಶದ ಎಸ್ಪೆರಾಂಟೊ ಮಿತ್ರರು ಸಣ್ಣ ಕೂಟಕ್ಕೆ ಧನಸಹಾಯ ಮಾಡಲು ಮುಂದಾಗಬಹುದು. ಇಲ್ಲಿ ಎಚ್ಚರ ಅಗತ್ಯ. ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆ, 2010ರ ಪ್ರಕಾರ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಸಂಘಗಳು ವಿದೇಶಿ ಹಣ ಸ್ವೀಕರಿಸುವಂತಿಲ್ಲ. ಸದಸ್ಯರೊಬ್ಬರ ಸ್ವಂತ ಖಾತೆಗೆ ಹಾಕಿಸಿಕೊಳ್ಳುವ ‘ಸುಲಭ ದಾರಿ’ ಮುಂದೆ ತೊಂದರೆಗೆ ಕಾರಣವಾದೀತು. ವಿನಯದಿಂದ ನಿರಾಕರಿಸುವುದೇ ಕ್ಷೇಮ.

ಎಸ್ಪೆರಾಂಟೊ ಬಲ್ಲವರನ್ನು ಮನೆಗಳಲ್ಲಿ ಉಚಿತವಾಗಿ ಉಳಿಸಿಕೊಳ್ಳುವ ‘ಪಾಸ್‌ಪೋರ್ತಾ ಸೆರ್ವೊ’ ಎಂಬ ಆತಿಥ್ಯ ಜಾಲ 1974ರಿಂದ ನಡೆದುಬಂದಿದೆ. ಹೀಗೆ ವಿದೇಶಿ ಅತಿಥಿ ಮನೆಯಲ್ಲಿ ತಂಗಿದರೆ 24 ಗಂಟೆಗಳೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್ ಮೂಲಕ ತಿಳಿಸುವುದು ಆತಿಥೇಯರ ಕರ್ತವ್ಯ. ಇಷ್ಟು ನಿಯಮ ಪಾಲಿಸಿದರೆ, ಬೇರೊಂದು ಖಂಡದಿಂದ ಬಂದವರು ಕೆಂಗೇರಿಯ ಮನೆಯೊಂದರಲ್ಲಿ ಅಕ್ಕಿರೊಟ್ಟಿ ತಿನ್ನುತ್ತ ಇಂಗ್ಲಿಷಿನ ಹಂಗಿಲ್ಲದೆ ಹರಟುವ ಸಂಜೆ ಕೂಟಕ್ಕೆ ಒಂದು ವರ್ಷದ ಹುರುಪು ತುಂಬಬಲ್ಲದು.

ಕನ್ನಡದ ಪ್ರಶ್ನೆ

ಬೆಂಗಳೂರಿನಲ್ಲಿ ಇಂತಹ ಕೂಟ ಕಟ್ಟುವವರು ಒಂದು ಪ್ರಶ್ನೆಗೆ ಸಿದ್ಧರಿರಬೇಕು: ರಾಜಧಾನಿಯಲ್ಲಿ ಕನ್ನಡವೇ ಮೂಲೆಗುಂಪಾಗುತ್ತಿದೆ ಎಂಬ ಕಳವಳವಿರುವಾಗ ಯಾರದೂ ಅಲ್ಲದ ಭಾಷೆಯೊಂದು ಏಕೆ? 1982ರ ಗೋಕಾಕ್ ಚಳವಳಿಯನ್ನು ಕಂಡ ನಾಡಿನಲ್ಲಿ ಈ ಪ್ರಶ್ನೆ ಸಹಜವಾದದ್ದೂ ನ್ಯಾಯವಾದದ್ದೂ ಹೌದು. ಇದನ್ನು ನಕ್ಕು ತಳ್ಳಿಹಾಕುವ ಕೂಟಕ್ಕೆ ಬಡಾವಣೆಯ ಬೆಂಬಲ ದೊರೆಯದು.

ತಾಯ್ನುಡಿಯನ್ನು ಕದಲಿಸದೆ ಎಲ್ಲರಿಗೂ ಎರಡನೆಯ ಭಾಷೆಯಾಗುವುದು ಎಸ್ಪೆರಾಂಟೊದ ಮೂಲ ಆಶಯ. 1996ರಲ್ಲಿ ಪ್ರಾಗ್‌ನ ವಿಶ್ವ ಸಮ್ಮೇಳನದ ಸಂದರ್ಭದಲ್ಲಿ ಹೊರಬಂದ ಘೋಷಣಾ ಪತ್ರ ಭಾಷಾ ಹಕ್ಕು ಹಾಗೂ ಭಾಷಾ ವೈವಿಧ್ಯವನ್ನು ಈ ಚಳವಳಿಯ ತತ್ವಗಳೆಂದು ಸಾರಿತು. ಆದರೆ ಘೋಷಣೆಗಿಂತ ಕೂಟದ ನಡೆ ಮುಖ್ಯ. ಪಾಠದ ವಿವರಣೆ ಇಂಗ್ಲಿಷಿನಲ್ಲಿದ್ದರೆ, ಪದಪಟ್ಟಿ ಇಂಗ್ಲಿಷಿನಲ್ಲಿದ್ದರೆ, ಅದು ವಿಜಯನಗರದಲ್ಲಿ ಇನ್ನೊಂದು ಇಂಗ್ಲಿಷ್ ಕೂಟವಾಗುತ್ತದಷ್ಟೇ. ಕನ್ನಡದ ಮೂಲಕ ಕಲಿಸಿದರೆ ಮಾತ್ರ ಇಂಗ್ಲಿಷ್ ಬಾರದ ಗೃಹಿಣಿ, ಕಾರ್ಖಾನೆ ನೌಕರ, ಕನ್ನಡ ಮಾಧ್ಯಮದ ವಿದ್ಯಾರ್ಥಿ ಧೈರ್ಯವಾಗಿ ಒಳಗೆ ಬಂದಾರು. ಕನ್ನಡ ಬಾರದ ನೆರೆಯವರು ಬಂದರೆ ಅವರು ಎಸ್ಪೆರಾಂಟೊ ಜೊತೆಗೆ ನಾಲ್ಕು ಕನ್ನಡ ಮಾತು ಕಲಿತೇ ಹೋಗುತ್ತಾರೆ.

ಒಂದು ವರ್ಷ ಪಳಗಿದ ಕೂಟ ಅನುವಾದಕ್ಕೆ ಕೈಹಾಕಬಹುದು. 12ನೆಯ ಶತಮಾನದ ವಚನಗಳಿಗೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಬಸವೇಶ್ವರನಗರದ ಕೂಟವೊಂದು ಬಸವಣ್ಣನವರ ಒಂದೇ ಒಂದು ವಚನವನ್ನು ತಿಂಗಳಿಡೀ ಚರ್ಚಿಸಿ ಎಸ್ಪೆರಾಂಟೊಗೆ ತಂದರೂ, ಅದನ್ನು ಹಲವು ದೇಶಗಳಲ್ಲಿ ಓದುವವರಿದ್ದಾರೆ. ಆಧುನಿಕ ಕೃತಿಗಳಾದರೆ ಲೇಖಕರು ಗತಿಸಿ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಇರುವುದರಿಂದ ಅನುಮತಿ ಪಡೆಯಬೇಕು. ಫೆಬ್ರುವರಿ 21ರ ವಿಶ್ವ ಮಾತೃಭಾಷಾ ದಿನ, ನವೆಂಬರ್ 1ರ ರಾಜ್ಯೋತ್ಸವ ಹಾಗೂ ಡಿಸೆಂಬರ್ 15ರ ಜಾಮೆನ್‌ಹಾಫ್ ದಿನ ಇಂತಹ ಅನುವಾದಗಳನ್ನು ಸಾರ್ವಜನಿಕವಾಗಿ ಓದಲು ಯೋಗ್ಯ ಸಂದರ್ಭಗಳು.

ಎಸ್ಪೆರಾಂಟೊ ಕಲಿತರೆ ನೌಕರಿ ಸಿಗುತ್ತದೆ ಎಂದು ಯಾರಿಗೂ ಭರವಸೆ ಕೊಡುವಂತಿಲ್ಲ. ಜಗತ್ತಿನ ಜಗಳಗಳೆಲ್ಲ ತೀರುತ್ತವೆ ಎಂಬ ಮಾತೂ ಬೇಡ. ಬ್ಯಾಲಿಸ್ಟಾಕ್‌ನ ಬೀದಿಯಲ್ಲಿ ನೆರೆಯವರು ಒಬ್ಬರಿಗೊಬ್ಬರು ಅಪರಿಚಿತರಾಗಿ ಉಳಿದುದನ್ನು ಕಂಡು ನೊಂದ ಬಾಲಕನ ಭಾಷೆ ಇದು. ಒಂದೇ ಅಡ್ಡರಸ್ತೆಯಲ್ಲಿದ್ದೂ ಮುಖಪರಿಚಯವಿಲ್ಲದ ನಾಲ್ವರು ಭಾನುವಾರ ಒಂದೆಡೆ ಕುಳಿತು, ತಪ್ಪುತ್ತ ತಡವರಿಸುತ್ತ ಪರಸ್ಪರ ಕುಶಲ ವಿಚಾರಿಸಿಕೊಂಡರೆ ಕೂಟದ ಉದ್ದೇಶ ಅಷ್ಟರಮಟ್ಟಿಗೆ ನೆರವೇರಿದಂತೆ. ಉಳಿದದ್ದು ಮುಂದಿನ ಭಾನುವಾರವೂ ಬಾಗಿಲು ತೆರೆಯುವವರೊಬ್ಬರು ಇದ್ದಾರೆಯೇ ಎಂಬುದನ್ನು ಅವಲಂಬಿಸಿದೆ.